ಬಾಳಗೊಂಡರ ನಲವತ್ತು ಬಿಳಿ ಇಲಿಗಳು

ಈಗಷ್ಟೇ ಬೆಳಕು ಹರಿಯುತ್ತಿದೆ. ಕೊಲ್ಲಾಪುರದ ಪ್ರಯೋಗಶಾಲೆಯೊಂದರ ಹಿಂದಿನ ಕೋಣೆಯಲ್ಲಿ ದಾನೋಳಿಯ ಬಾಳಗೊಂಡ ಬಿಳಿ ಇಲಿಯೊಂದನ್ನು ತಕ್ಕಡಿಯಲ್ಲಿಟ್ಟು ತೂಗುತ್ತಿದ್ದಾರೆ. ನಲವತ್ತು ಇಲಿ, ದಿನಾ ನಲವತ್ತು ತೂಕ. ಇಪ್ಪತ್ತಕ್ಕೆ ಬರಿ ಹಿಟ್ಟಿನ ಉಂಡೆ, ಉಳಿದ ಇಪ್ಪತ್ತಕ್ಕೆ ಹಳದಿ ಬಣ್ಣ ಕಲಸಿದ್ದು. ಇಚಲಕರಂಜಿಯಲ್ಲಿ ನೂಲಿಗೆ ಹಾಕುವ ಬಣ್ಣವದು. ಮಿಠಾಯಿಯವರು ಅದನ್ನೇ ಜಿಲೇಬಿಗೂ ಸುರಿಯುತ್ತಾರೆ, ಪುಣ್ಯಾತ್ಮರು! ತಿಂದ ಮನುಷ್ಯನಿಗೆ ಏನಾದೀತೆಂದು ಇಲಿಗಳು ತೊಂಬತ್ತು ದಿನ ತಿಂದು ಹೇಳಬೇಕು. ಕೊನೆಗೆ ಅಷ್ಟನ್ನೂ ಕೊಂದು ಒಳಗಿನ ಅಂಗಗಳನ್ನು ನೋಡುತ್ತಾರೆ.

"ಐವತ್ಮೂರನೇ ಇಸವಿಯಾಗ ಬಂದೇನ್ರಿ, ಹನ್ನೊಂದು ವರ್ಷ ಆತು. ಕೈ ಸೋತಾವ, ಮನಸು ಅದಕ್ಕೂ ಮೊದಲ ಸೋತೈತಿ," ಎನ್ನುತ್ತಾರೆ. ಜೈನರ ಮನೆತನ, ಹುಳ ಬಿದ್ದು ಸತ್ತೀತೆಂದು ಹೊತ್ತು ಮುಳುಗಿದ ಮೇಲೆ ಉಣ್ಣದವರು. ಇದ್ದ ಹೊಲ ಆರು ಜನ ಅಣ್ಣತಮ್ಮಂದಿರಿಗೆ ಸಾಲದೆ ಈ ಕೆಲಸ ಹಿಡಿದರು. ಹಿತ್ತಲಲ್ಲಿ ಮೈ ತೊಳೆದುಕೊಳ್ಳದ ಹೊರತು ಹೆಂಡತಿ ಹೀರಾಬಾಯಿ ಇಂದಿಗೂ ಅವರನ್ನು ಒಳಗೆ ಬಿಡುವುದಿಲ್ಲ.

ಹೋದ ವರ್ಷದ ಮಾತೆತ್ತಿದರೆ ಅವರ ಮುಖ ಬಾಡುತ್ತದೆ. ಪರೀಕ್ಷೆಯ ಕೊನೆಯ ಹತ್ತು ದಿನಗಳಲ್ಲೇ ಜೈನರ ಹತ್ತು ದಿನದ ವ್ರತ ಪರ್ಯೂಷಣ ಬಂತು. ಜೀವದಯೆಯ ಉಪವಾಸ ಹಿಡಿದ ಅವರಿಗೆ ಬಣ್ಣ ಕಲಸಲು ಕೈ ಬರಲಿಲ್ಲ. ಯಾರಿಗೂ ಹೇಳದೆ ನಲವತ್ತಕ್ಕೂ ಬರಿ ಉಂಡೆ ಹಾಕಿಬಿಟ್ಟರು. ಸೊರಗಿದ್ದ ಇಲಿಗಳು ಚೇತರಿಸಿಕೊಂಡವು. ಪರೀಕ್ಷೆ ಮುಗಿದಾಗ ಪ್ರಯೋಗಶಾಲೆಯ ಮುಖ್ಯಸ್ಥ ಡಾಕ್ಟರ್ ಸಿದ್ದರಾಯ, "ಈ ಬಣ್ಣ ಅಂಥಾ ಕೆಟ್ಟದ್ದೇನಲ್ಲ ಬಿಡಪಾ," ಎಂದು ವರದಿ ಬರೆಯಲು ಕುಳಿತರು.

ಮೂರನೆಯ ದಿನ ಬಾಳಗೊಂಡ ಅವರೆದುರು ಹೋಗಿ ನಿಂತರು. "ಸಾಹೇಬ್ರ, ತಪ್ಪು ನಂದೈತ್ರಿ. ಕಡೀ ಹತ್ತು ದಿನ ನಾ ಬಣ್ಣಾನ ಹಾಕಿಲ್ರಿ."

ಡಾಕ್ಟರ್ ಬಯ್ಯಲಿಲ್ಲ. ಬರೆದ ಕಾಗದ ಹರಿದು, "ಮೊದಲಿಂದ ಮಾಡೂಣು," ಎಂದರಷ್ಟೆ. ಆ ನಲವತ್ತೂ ಸುಮ್ಮನೆ ಸತ್ತಂತಾಯಿತು. ಹೊಸ ಇಲಿಗಳು ಹುಟ್ಟಿ, ಬೆಳೆದು, ಪರೀಕ್ಷೆಗೆ ಒದಗುವಷ್ಟರಲ್ಲಿ ವರ್ಷವೇ ಸರಿಯಿತು. ಪೇಟೆಯಲ್ಲಿ ಹಳದಿ ಜಿಲೇಬಿ ಮಾತ್ರ ನಿಲ್ಲಲಿಲ್ಲ.

"ದಯಾ ಮಾಡಾಕ ಹೋಗಿ ಮತ್ತ ನಲವತ್ತು ಜೀವ ತಂದು ನಿಲ್ಲಿಸಿದ್ನಿ. ಅತ್ತಾಗ ಸಣ್ಣ ಹುಡುಗೂರು ಅದನ್ನ ತಿನ್ನಾಕತ್ತಾವ. ಈ ಪಾಪ ಯಾರ ಮ್ಯಾಲ ಹೊರಸ್ಲಿರಿ?"

ಇಂದು ಮತ್ತೆ ಪರ್ಯೂಷಣದ ಮೊದಲ ದಿನ. ಪರೀಕ್ಷೆಯ ಅರವತ್ತೆರಡನೆಯ ದಿನ. ಇನ್ನೂ ಹನಿ ನೀರು ಮುಟ್ಟದ ಬಾಳಗೊಂಡ ಬಣ್ಣದ ಡಬ್ಬಿ ತೆಗೆಯುತ್ತಾರೆ. ಅಳತೆ ತಪ್ಪದಂತೆ ತೂಗಿ ಹಿಟ್ಟಿಗೆ ಕಲಸುತ್ತಾರೆ. ಇಪ್ಪತ್ತು ಪಂಜರಗಳಿಗೆ ಇಪ್ಪತ್ತು ಹಳದಿ ಉಂಡೆ ಹಾಕಿ ಗೋಡೆಗೆ ಒರಗುತ್ತಾರೆ.

"ನನಗ ದೊಡ್ಡ ಆಸೆ ಏನಿಲ್ರಿ. ಈ ಸಲ ಖರೇ ಏನೈತಿ ಅದು ಹೊರಗ ಬರ್ಲಿ. ಮೂರನೇ ನಲವತ್ತು ತರೂದು ಬ್ಯಾಡ."