ಅರ್ಜಿಯಲ್ಲಿ ಬರೆದ ಕಾಯಿಲೆ

ಓದುವವರಲ್ಲಿ ಮೊದಲಿಗೇ ಅರಿಕೆ ಮಾಡಿಕೊಳ್ಳುವುದೇನೆಂದರೆ, ಅರ್ಜಿಗಳನ್ನೂ ವರದಿಗಳನ್ನೂ ಹೊರತುಪಡಿಸಿ ನಾನು ಇದುವರೆಗೆ ಬೇರೇನನ್ನೂ ಬರೆದವನಲ್ಲ. ನನ್ನ ವಾಕ್ಯಗಳು ಕಚೇರಿಯ ಪತ್ರದಂತೆ ಕಂಡುಬಂದಲ್ಲಿ ದಯವಿಟ್ಟು ಮನ್ನಿಸಬೇಕು. ಹೇಳಲು ಹೊರಟಿರುವ ವಿಷಯವೂ ಒಂದು ಪತ್ರಕ್ಕೇ ಸಂಬಂಧಿಸಿದ್ದಾಗಿದೆ. ಆ ಪತ್ರದಲ್ಲಿ ನಾನು ಆರೋಗ್ಯವಾಗಿದ್ದ ನನ್ನ ಮಗಳನ್ನು ರೋಗಿಯನ್ನಾಗಿ ಮಾಡಿದೆ.

ನಾವು ಸ್ವೀಡನ್ನಿನ ಮೋಲ್ನ್‌ಡಾಲ್‌ನಲ್ಲಿ ವಾಸವಾಗಿದ್ದೇವೆ. ನಾನು ಔಷಧ ಸಂಶೋಧನೆಯ ಪ್ರಯೋಗಾಲಯವೊಂದರಲ್ಲಿ ಕೆಲಸ ಮಾಡುತ್ತೇನೆ. ನನ್ನ ಪತ್ನಿ ದಾಗಿಸ್‌ನಲ್ಲಿ, ಅಂದರೆ ಇಲ್ಲಿನ ಶಿಶುವಿಹಾರದಲ್ಲಿ, ಶಿಕ್ಷಕಿ. ಇಬ್ಬರೂ ಉಡುಪಿ ಕಡೆಯವರು. ಮಗಳಿಗೆ ಹತ್ತು ವರ್ಷ. ಅವಳು ವಾರಕ್ಕೆ ಎರಡು ಸಂಜೆ ಸವಾರಿ ಶಾಲೆಗೆ ಹೋಗುತ್ತಾಳೆ. ಅಲ್ಲಿ ಸವಾರಿಗಿಂತ ಲದ್ದಿ ಎತ್ತುವ, ಗೊರಸು ಶುಚಿ ಮಾಡುವ ಕೆಲಸವೇ ಹೆಚ್ಚು. ಪ್ರತಿ ಮಗುವಿಗೂ ನೋಡಿಕೊಳ್ಳಲು ಒಂದೊಂದು ಕುದುರೆಯನ್ನು ವಹಿಸಲಾಗುತ್ತದೆ. ನನ್ನ ಮಗಳ ಪಾಲಿಗೆ ಬಂದದ್ದು ಒಂದು ಮುದಿ ಬೂದು ಕುದುರೆ. ಅದು ಎಲ್ಲರ ಜೇಬಿಗೂ ಮೂತಿ ಹಾಕುತ್ತದೆ, ಯಾರ ಮಾತನ್ನೂ ಕೇಳುವುದಿಲ್ಲ.

ಇಲ್ಲಿ ಬೇಸಿಗೆಯ ರಜೆಯನ್ನು ಹಿಮ ಕರಗುವ ಮೊದಲೇ ಗೊತ್ತುಮಾಡಿ ಕಚೇರಿಗೆ ತಿಳಿಸಬೇಕು. ಈ ವರ್ಷ ಫೀಕಾ ಸಮಯದಲ್ಲಿ, ಕಾಫಿ ಕುಡಿಯುತ್ತಾ, ಸ್ವೀಡಿಷ್ ಸಹೋದ್ಯೋಗಿಯೊಬ್ಬರು ಅಮೆರಿಕದ ಕೆಂಟಕಿಯ ಬಗ್ಗೆ ಹೇಳಿದರು. ಮೈಲುಗಟ್ಟಲೆ ಹಲಗೆ ಬೇಲಿ, ಬೇಲಿಯೊಳಗೆ ಓಟದ ಕುದುರೆಗಳು, ಗುಡ್ಡದ ಇಳಿಜಾರಿನಲ್ಲಿ ಬೋರ್ಬನ್ ಎಂಬ ಅಲ್ಲಿನ ವಿಸ್ಕಿಯ ಪೀಪಾಯಿಗಳನ್ನು ವರ್ಷಗಟ್ಟಲೆ ಇಡುವ ಕಪ್ಪು ಉಗ್ರಾಣಗಳು. ಎಲ್ಲರೂ ನ್ಯೂಯಾರ್ಕ್ ನೋಡಿ ಮರಳುತ್ತಾರೆ, ಅಲ್ಲಿಗೆ ಯಾರೂ ಹೋಗುವುದಿಲ್ಲ ಎಂದು ಅವರು ಬೇಸರಪಟ್ಟರು. ಮಗಳಿಗೆ ಕುದುರೆ, ನನಗೆ ಬೋರ್ಬನ್ ಎಂದು ನಾನು ಮನಸ್ಸಿನಲ್ಲೇ ಮಂಜೂರು ಮಾಡಿಕೊಂಡೆ. ಊರಿನಲ್ಲಿರುವ ತಾಯಿಯವರಿಗೆ ಫೋನಿನಲ್ಲಿ ಕುದುರೆಯ ವಿಷಯವನ್ನು ಮಾತ್ರ ತಿಳಿಸಲಾಯಿತು.

ಯುಗಾದಿಯ ಊಟಕ್ಕೆ ಸೇರಿದ್ದ ಕನ್ನಡದವರಲ್ಲಿ ಈ ವಿಷಯ ಪ್ರಸ್ತಾಪವಾಯಿತು.

"ಕೆಂಟಕಿಗಾ? ಅಷ್ಟು ದೂರ ಚಿಕನ್ ತಿನ್ನೋಕೆ ಹೋಗ್ತೀರಾ ಸಾರ್?" ಎಂದು ಬೆಂಗಳೂರಿನ ಮಿತ್ರರೊಬ್ಬರು ನಕ್ಕರು.

"ಇಲ್ಲ, ಮಗಳಿಗೆ ಕುದುರೆ ತೋರಿಸೋಣ ಅಂತ," ಎಂದೆ.

"ಗೊತ್ತಾಯ್ತು ಬಿಡಿ. ಕುದುರೆ ಮಗಳಿಗೆ, ಬಾಟ್ಲಿ ಅಪ್ಪನಿಗೆ. ಮೇಡಂಗೇನು?"

"ನಂಗೆ ಡ್ರೈವಿಂಗ್," ಎಂದಳು ನನ್ನ ಪತ್ನಿ, ಪಾಯಸ ಬಡಿಸುತ್ತಾ.

ಮಗಳ ಮನಸ್ಸು ಒಂದೇ ಒಂದು ಕುದುರೆಯ ಮೇಲಿತ್ತು. ಓಟದಿಂದ ನಿವೃತ್ತಿಯಾಗಿ ಕೆಂಟಕಿಯ ಫಾರ್ಮ್ ಒಂದರಲ್ಲಿರುವ ಕಂದು ಹೆಣ್ಣು ಕುದುರೆ ಅದು. ಅದರ ವಿಡಿಯೋಗಳನ್ನು ಅವಳು ಎಷ್ಟು ಸಲ ನೋಡಿದ್ದಳೋ ಲೆಕ್ಕವಿಲ್ಲ. ಅದರ ಚಿತ್ರ ಬರೆದು ಫ್ರಿಜ್ಜಿಗೆ ಅಂಟಿಸಿದ್ದಳು. ನಾನು ಫಾರ್ಮಿಗೆ ವಿನಯಪೂರ್ವಕವಾಗಿ ಇಮೇಲ್ ಬರೆದೆ. ಇದು ಖಾಸಗಿ ಫಾರ್ಮ್, ಸಂದರ್ಶಕರಿಗೆ ಪ್ರವೇಶವಿಲ್ಲ, ಕ್ಷಮಿಸಿ ಎಂಬ ಎರಡು ಸಾಲಿನ ಉತ್ತರ ಬಂತು. ಅದನ್ನು ಮಗಳಿಗೆ ಹೇಳುವ ಧೈರ್ಯ ನನಗಾಗಲಿಲ್ಲ, ಅಲ್ಲೇ ಅಳಿಸಿಹಾಕಿದೆ.

ಇಲ್ಲಿ ಒಂದು ವಿವರಣೆಯನ್ನು ಸಲ್ಲಿಸಬೇಕಾಗಿದೆ. ನಮ್ಮ ಶಾಲೆಯಲ್ಲಿ ಮೂರನೇ ತರಗತಿಯಿಂದಲೇ ರಜಾ ಅರ್ಜಿ ಬರೆಯುವುದನ್ನು ಕಲಿಸುತ್ತಿದ್ದರು. ಮಾದರಿಯಲ್ಲಿ ಕಾರಣ ಯಾವಾಗಲೂ ಒಂದೇ: "ನಾನು ಜ್ವರದಿಂದ ಬಳಲುತ್ತಿರುವುದರಿಂದ." ಚಿಕ್ಕಮ್ಮನ ಮದುವೆಗೆ ಹೋದಾಗಲೂ ಹಾಗೆಯೇ ಬರೆದೆ. ಅದೇ ಮದುವೆಗೆ ನಮ್ಮ ಮೇಷ್ಟ್ರೂ ಬಂದಿದ್ದರು, ನನ್ನ ಎದುರಿನ ಪಂಕ್ತಿಯಲ್ಲೇ ಕುಳಿತು ಎರಡು ಸಲ ಹೋಳಿಗೆ ಹಾಕಿಸಿಕೊಂಡಿದ್ದರು. ಮರುದಿನ ನನ್ನ ಜ್ವರದ ಅರ್ಜಿಯನ್ನು ಓದಿ, ಅಕ್ಷರ ದುಂಡಗಿದೆ ಎಂದು ಮೆಚ್ಚಿ ಸಹಿ ಹಾಕಿದರು. ಅದನ್ನು ಸುಳ್ಳೆಂದು ಅವರೂ ತಿಳಿಯಲಿಲ್ಲ, ನಾನೂ ತಿಳಿಯಲಿಲ್ಲ. ಅರ್ಜಿಯೆಂದ ಮೇಲೆ ಅದರಲ್ಲಿ ಜ್ವರ ಇರಬೇಕು, ಅಷ್ಟೆ.

ಒಂದು ಶನಿವಾರ ಮಧ್ಯಾಹ್ನ ನಾನು ಫಾರ್ಮಿಗೆ ಎರಡನೆಯ ಪತ್ರ ಬರೆದೆ. ಹಿಂದಿನ ತಿಂಗಳು ಮಗಳು ಸುಸ್ತು ಎನ್ನುತ್ತಿದ್ದುದರಿಂದ ಆರೋಗ್ಯ ಕೇಂದ್ರದಲ್ಲಿ ರಕ್ತ ಪರೀಕ್ಷೆ ಮಾಡಿಸಿದ್ದೆವು. ಕಬ್ಬಿಣಾಂಶ ತುಸು ಕಡಿಮೆಯಿತ್ತು, ಮಾತ್ರೆ ಕೊಟ್ಟಿದ್ದರು. ಪತ್ರದಲ್ಲಿ ಅದು "ರಕ್ತಕ್ಕೆ ಸಂಬಂಧಿಸಿದ ದೀರ್ಘಕಾಲದ ಕಾಯಿಲೆ" ಎಂದಾಯಿತು. ಆ ಕುದುರೆಯನ್ನು ಒಮ್ಮೆ ಕಣ್ಣಾರೆ ನೋಡುವುದು ಅವಳ ಕೊನೆಯ ಆಸೆ ಎಂದು ನಾನು ಬರೆಯಲಿಲ್ಲ. ಆದರೆ ಓದಿದವರಿಗೆ ಹಾಗೆ ತೋರುವಂತೆ ಬರೆದೆ. ಕಳುಹಿಸುವ ಮೊದಲು ಕಾಗುಣಿತವನ್ನು ಎರಡು ಸಲ ಪರಿಶೀಲಿಸಿದೆ ಎಂಬುದನ್ನೂ ಇಲ್ಲಿ ದಾಖಲಿಸುತ್ತೇನೆ.

ಸೋಮವಾರವೇ ಉತ್ತರ ಬಂತು. ಪ್ರಯೋಗಾಲಯದಲ್ಲಿ ಓದಿದೆ. ಖಂಡಿತ ಬನ್ನಿ, ಮಗುವಿಗೆ ನಡೆಯುವ ಶ್ರಮ ಬೇಡ, ನೆರಳಿನಲ್ಲಿ ಕುರ್ಚಿ ಹಾಕಿಸುತ್ತೇವೆ, ಕುದುರೆಯನ್ನು ಅವಳ ಬಳಿಗೇ ಕರೆತರುತ್ತೇವೆ ಎಂದಿತ್ತು. ಲಾಯದಲ್ಲಿ ಕೆಲಸ ಮಾಡುವವರೆಲ್ಲ ಅವಳಿಗಾಗಿ ಪ್ರಾರ್ಥಿಸುತ್ತಿದ್ದಾರೆ ಎಂದೂ ಇತ್ತು. ನಾಚಿಕೆಯಾಗಬೇಕಾಗಿದ್ದ ಆ ಗಳಿಗೆಯಲ್ಲಿ ನನಗೆ ಆದದ್ದು ಸಂತೋಷ. ಸಂಜೆ ಊಟಕ್ಕೆ ಕುಳಿತಾಗ, "ಮಗಾ, ಬರ್ಲಿಕ್ಕೆ ಹೇಳಿದ್ದಾರೆ!" ಎಂದು ಘೋಷಿಸಿದೆ. ಅವಳು "ಹ್ಞೂಂ" ಎಂದಷ್ಟೇ ಹೇಳಿ ತಟ್ಟೆಯ ಬೀನ್ಸ್ ಎಣಿಸುತ್ತಾ ಕುಳಿತಳು. ಶಾಲೆಯಲ್ಲಿ ದಣಿದಿರಬೇಕೆಂದು ಭಾವಿಸಿದೆ.

ಪ್ರವಾಸಕ್ಕಾಗಿ ತೆರೆದಿದ್ದ ಇಮೇಲ್ ಖಾತೆಯು ಮನೆಯ ಟ್ಯಾಬ್ಲೆಟ್‌ನಲ್ಲಿ ಸದಾ ತೆರೆದಿರುತ್ತಿತ್ತು. ಫಾರ್ಮಿನ ಉತ್ತರಕ್ಕಾಗಿ ಮಗಳು ಶಾಲೆಯಿಂದ ಬಂದೊಡನೆ ಅದನ್ನೇ ನೋಡುತ್ತಿದ್ದಳು. ಇದು ನನ್ನ ಗಮನದಲ್ಲಿರಲಿಲ್ಲ.

ಗುರುವಾರ ನಾನು ಮನೆ ಸೇರುವಾಗ ಪತ್ನಿ ಜಾಕೆಟ್ಟನ್ನೂ ತೆಗೆಯದೆ ಅಡುಗೆಮನೆಯಲ್ಲಿ ನಿಂತಿದ್ದಳು.

"ಮಾರಾಯ್ರೇ, ಸವಾರಿ ಟೀಚರ್ ಫೋನ್ ಮಾಡಿದ್ರು. ಇವಳು ತನ್ನ ಕುದುರೆಯನ್ನ ಫ್ರೆಂಡಿಗೆ ಬಿಟ್ಟುಕೊಟ್ಟಿದ್ದಾಳಂತೆ. ಅದಕ್ಕೆ ಕಿವಿ ಹತ್ರ ಮುಟ್ಟಿದ್ರೆ ಆಗುದಿಲ್ಲ, ಕ್ಯಾರೆಟ್ ಉದ್ದಕ್ಕೆ ಕತ್ತರಿಸಿ ಕೊಡ್ಬೇಕು ಅಂತೆಲ್ಲ ಕಾಗದದಲ್ಲಿ ಬರ್ದು ಕೊಟ್ಟಿದ್ದಾಳೆ. ಯಾಕೆ ಕೇಳಿದ್ರೆ, ನಾನು ಇಲ್ಲದಾಗ ಅದಕ್ಕೆ ಯಾರಾದ್ರೂ ಬೇಕಲ್ಲ ಅಂದ್ಲಂತೆ. ಎಂತ ಇದು?"

ನನಗೆ ತಕ್ಷಣವೇ ಅರ್ಥವಾಯಿತು. ಆದರೂ ಮೊದಲು ಹೇಳಿದ್ದು "ನಂಗೆಂತ ಗೊತ್ತು" ಎಂದೇ. ಅನಂತರ ಪತ್ರ ತೋರಿಸಿದೆ. ಅವಳು ಪೂರ್ತಿ ಓದಿದಳು.

"ಹುಡುಗಿ ಮೇಲೆ ಕಾಯಿಲೆ ಬರ್ದ್ರಾ? ಬರೀಲೇಬೇಕಿದ್ರೆ ನಿಮ್ಮ ಮೇಲೆ ಬರ್ಕೊಳ್ಳಿಕ್ಕೆ ಆಗ್ಲಿಲ್ವಾ?"

"ಅರ್ಜಿಯಲ್ಲಿ ಎಲ್ಲರೂ ಹಾಗೇ ಅಲ್ವಾ..."

"ಇದೆಂತ ಮೂರನೇ ಕ್ಲಾಸಾ? ಮಗುವಿಗೆ ಹುಷಾರಿಲ್ಲ ಅಂತ ಬೆಳಿಗ್ಗೆ ಅಪ್ಪ ಅಮ್ಮ ಮೆಸೇಜ್ ಹಾಕಿದ್ರೆ, ನಮ್ಮ ದಾಗಿಸ್‌ನಲ್ಲಿ ಯಾರೂ ಒಂದು ಪ್ರಶ್ನೆ ಕೇಳುದಿಲ್ಲ. ಹೇಳಿದ್ದನ್ನ ನಂಬ್ತೇವೆ. ಆ ಕುದುರೆಯವ್ರೂ ನಂಬಿದ್ರು. ನಿಮ್ಮ ಮಗಳೂ ನಂಬಿದ್ಲು."

ಮಗಳನ್ನು ಕರೆದು ಕೂರಿಸಿಕೊಂಡೆವು. ಅವಳು ಅಳಲಿಲ್ಲ.

"ನಂಗೆ ಗೊತ್ತಪ್ಪ. ಬ್ಲಡ್ ಟೆಸ್ಟ್ ಆಯ್ತಲ್ಲ. ನೀವು ಹೇಳ್ಬೇಕಂತ ಇಲ್ಲ," ಎಂದಳು. ಮೂರು ದಿನ ಅವಳು ಅದನ್ನು ನಮ್ಮಿಂದ ಮುಚ್ಚಿಟ್ಟದ್ದು ನಮಗೆ ದುಃಖವಾಗಬಾರದೆಂದು.

"ನಿಂಗೆ ಏನೂ ಆಗಿಲ್ಲ ಮಗಾ. ಅಪ್ಪ ಸುಮ್ನೆ ಬರೆದದ್ದು."

ಅವಳು ನನ್ನ ಮುಖವನ್ನೇ ನೋಡಿದಳು. ಮುಖ್ಯವಾದುದನ್ನು ಹೇಳುವಾಗ ಅವಳು ಸ್ವೀಡಿಷ್‌ಗೆ ಹೋಗುತ್ತಾಳೆ. ಹಾಗಾದರೆ ಈಗ ಹೇಳುತ್ತಿರುವುದನ್ನೂ ಅಪ್ಪ ಸುಮ್ಮನೆ ಹೇಳುತ್ತಿರಬಹುದಲ್ಲ ಎಂದು ಆ ಭಾಷೆಯಲ್ಲಿ ಕೇಳಿದಳು.

 ಪತ್ನಿ ಆರೋಗ್ಯ ಕೇಂದ್ರದ ವರದಿಯನ್ನು ಫೋನಿನಲ್ಲಿ ತೆರೆದು, ಪ್ರತಿಯೊಂದು ಸಾಲನ್ನೂ ಓದಿ ಹೇಳಿದ ಮೇಲೆಯೇ ಮಗಳು ನಂಬಿದಳು. ತಂದೆಯ ಮಾತಿಗೆ ಪ್ರಯೋಗಾಲಯದ ದಾಖಲೆ ಲಗತ್ತಿಸಬೇಕಾಗಿ ಬಂದದ್ದನ್ನು ನಾನು ಈ ಜನ್ಮದಲ್ಲಿ ಮರೆಯಲಾರೆ. ನಂಬಿಕೆ ಬಂದ ಮೇಲೆ ಅವಳು ಅತ್ತಳು, ತಾಯಿಯ ಜಾಕೆಟ್ಟಿನೊಳಗೆ ಮುಖವಿಟ್ಟು.

ಫಾರ್ಮಿಗೆ ಮೂರನೆಯ ಪತ್ರ ಹೋಗಬೇಕೆಂದು ತೀರ್ಮಾನಿಸಿದವಳು ಮಗಳೇ. "ಕಳ್ಸುವ ಮೊದ್ಲು ನಾನು ಓದ್ಬೇಕು," ಎಂದಳು. ನಾನು ಬರೆದ ಕರಡಿನಲ್ಲಿ, ಹಿಂದಿನ ಪತ್ರದಲ್ಲಿ ಕೆಲವು ತಪ್ಪು ಮಾಹಿತಿಗಳು ಸೇರಿಕೊಂಡಿರುವುದಕ್ಕೆ ವಿಷಾದಿಸುತ್ತೇನೆ ಎಂದಿತ್ತು.

"ತಪ್ಪು ಅದಾಗಿ ಬಂದು ಸೇರಿತಾ?"

ತಿದ್ದಿದೆ. ನನ್ನ ಮಗಳಿಗೆ ಯಾವ ಕಾಯಿಲೆಯೂ ಇಲ್ಲ, ಒಳಗೆ ಬಿಡಲೆಂದು ನಾನು ಸುಳ್ಳು ಬರೆದೆ ಎಂದು ಬರೆದೆ. ನಾಲ್ಕು ದಿನ ಉತ್ತರವಿರಲಿಲ್ಲ. ಐದನೆಯ ದಿನ ಬಂದ ಉತ್ತರದಲ್ಲಿ, ಮಗು ಆರೋಗ್ಯವಾಗಿರುವುದನ್ನು ಲಾಯದವರಿಗೆಲ್ಲ ತಿಳಿಸಿರುವುದಾಗಿಯೂ, ಅವರು ಸಂತೋಷಪಟ್ಟಿರುವುದಾಗಿಯೂ, ನಮಗೆ ಕೊಟ್ಟಿದ್ದ ಸಮಯವನ್ನು ಹಿಂತೆಗೆದುಕೊಂಡಿರುವುದಾಗಿಯೂ ಇತ್ತು. ಬೈದಿದ್ದರೆ ಸಮಾಧಾನವಾಗುತ್ತಿತ್ತೇನೋ. ಮಗಳು ಅದನ್ನು ಓದಿ, ಫ್ರಿಜ್ಜಿನ ಮೇಲಿನ ಚಿತ್ರವನ್ನು ತೆಗೆದು ತನ್ನ ಕೋಣೆಗೆ ಒಯ್ದಳು. ಮುದಿ ಬೂದು ಕುದುರೆಯನ್ನು ಮಾತ್ರ ಗೆಳತಿಯಿಂದ ಮರಳಿ ಪಡೆದಳು.

ಕೆಂಟಕಿಗೆ ನಾವು ಹೋಗುತ್ತಿದ್ದೇವೆ. ಎಲ್ಲರನ್ನೂ ಒಳಗೆ ಬಿಡುವ ಫಾರ್ಮುಗಳನ್ನು ಪತ್ನಿ ಹುಡುಕಿದ್ದಾಳೆ. ರಸ್ತೆ ಬದಿಯ ಬೇಲಿಗೆ ಒರಗಿ ನೋಡುವುದಕ್ಕೆ ಯಾರ ಅನುಮತಿಯೂ ಬೇಡವಂತೆ. ನನಗೆ ರಜೆ ಮಂಜೂರಾಗಿರುವುದು ಮಗಳ ಶಾಲೆ ಮುಚ್ಚುವ ಎರಡು ದಿನ ಮೊದಲಿನಿಂದ. ಆದಕಾರಣ ಅವಳ ಶಾಲೆಗೆ ರಜಾ ಅರ್ಜಿ ಸಲ್ಲಿಸಬೇಕಾಯಿತು. ಕಳೆದ ವಾರ ನಾನು ಟ್ಯಾಬ್ಲೆಟ್‌ನಲ್ಲಿ ಅದನ್ನು ಭರ್ತಿ ಮಾಡುತ್ತಿರುವಾಗ ಅವಳು ಬಂದು ಕುರ್ಚಿಯ ಹಿಂದೆ ನಿಂತಳು. ಕಾರಣ ಎಂಬ ಅಂಕಣಕ್ಕೆ ಬಂದಾಗ ನನ್ನ ಬೆರಳುಗಳು ನಿಂತವು.

"ಕುದುರೆ ನೋಡ್ಲಿಕ್ಕೆ ಅಂತ ಬರಿ," ಎಂದಳು.

ಬರೆದೆ.

"ಬೋರ್ಬನ್ ಕೂಡ."

"ಶಾಲೆಗೆ ಅದೆಲ್ಲ ಯಾಕೆ ಮಗಾ?"

"ಹೌದೋ ಅಲ್ವೋ?"

ಮಗಳಿಗೆ ಕುದುರೆ ನೋಡಲು, ತಂದೆಗೆ ಬೋರ್ಬನ್ ಉಗ್ರಾಣ ನೋಡಲು ಎಂದು ನಮೂದಿಸಿದೆ. ಇಂಥ ಕಾರಣಕ್ಕೆ ಮುಖ್ಯೋಪಾಧ್ಯಾಯರು ರಜೆ ಕೊಡುವರೇ ಎಂಬುದು ಇನ್ನೂ ತಿಳಿದುಬಂದಿಲ್ಲ. ಕಳುಹಿಸುವ ಗುಂಡಿಯನ್ನು ಒತ್ತಲು ಕೈ ಎತ್ತಿದೆ. ಅವಳು ಟ್ಯಾಬ್ಲೆಟ್ಟನ್ನು ತನ್ನ ಕಡೆಗೆ ಎಳೆದುಕೊಂಡು, ಮೊದಲಿನಿಂದ ಕೊನೆಯವರೆಗೆ ಇನ್ನೊಮ್ಮೆ ಓದಿ, ತಾನೇ ಒತ್ತಿದಳು.