ಕಾಲು ನೋಡುತ್ತಿದ್ದ ಹುಸೇನಬಿ

ಹುಸೇನಬಿ ಖಾಲಾ ಗಂಡಸರ ಮುಖ ನೋಡುತ್ತಿರಲಿಲ್ಲ, ಕಾಲು ನೋಡುತ್ತಿದ್ದಳು. ಜೇವರ್ಗಿ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಅವಳ ಬಳೆ ಅಂಗಡಿ. ಬಿಸಿಲಿಗೆಂದು ಮುಂದೆ ಕಟ್ಟಿದ್ದ ಗೋಣಿತಟ್ಟಿನ ಪರದೆ ನೆಲದಿಂದ ಒಂದು ಮೊಳ ಮೇಲಕ್ಕೇ ನಿಂತುಬಿಡುತ್ತಿತ್ತು. ಹೆಂಗಸರು ಒಳಗೆ ಕೂತು ಕೈ ಚಾಚುವರು, ಕರೆತಂದ ಗಂಡಸರು ಹೊರಗೆ ನಿಲ್ಲುವರು. ನಮ್ಮ ಅಂಗೈ ಹಿಚುಕಿ ಮೆತ್ತಗೆ ಮಾಡಿ ಬಳೆ ಏರಿಸುತ್ತಲೇ ಅವಳು ಆ ಚಪ್ಪಲಿಗಳ ಮೇಲೆ ಕಣ್ಣಿಟ್ಟಿರುತ್ತಿದ್ದಳು.

"ಗಂಡಸು ಬಾಯಾಗ ಏನರೆ ಹೇಳ್ಲಿ ಬೇ, ಕಾಲು ಸುಳ್ಳ ಹೇಳಂಗಿಲ್ಲ" ಎನ್ನುವಳು.

ಒಮ್ಮೆ ಅಂದೋಲಾ ಊರಿನ ಹೊಸ ಮದುಮಗಳ ಕೈಯಲ್ಲಿ ಬಳೆ ಒಡೆದು ರಕ್ತ ಬಂತು. ಹುಡುಗಿ "ಯವ್ವಾ" ಎಂದದ್ದೇ ತಡ, ಹೊರಗಿದ್ದ ಕಾಲುಗಳು ಪರದೆಗೇ ಬಂದು ಮುಗ್ಗರಿಸಿದವು. ಖಾಲಾ ನಕ್ಕಳು. "ಇಂವ ಛಂದಗೆ ಬಾಳೇ ಮಾಡ್ತಾನ ತಗೋ." ಮಾಡಿದನಂತೆ.

ನನ್ನ ಶರಣುವಿನ ಕಾಲನ್ನೂ ಅವಳು ನಾಲ್ಕು ವರ್ಷ ನೋಡಿದ್ದಳು. ನಾವಿಬ್ಬರೂ ಒಂದೇ ಖಾಸಗಿ ಶಾಲೆಯಲ್ಲಿ ಪಾಠ ಹೇಳುತ್ತಿದ್ದೆವು. ಅವನ ಬೂಟು ಸದಾ ಫಳಫಳ, ಸದಾ ಬಸ್ ಸ್ಟ್ಯಾಂಡಿನ ಕಡೆಗೇ ಮುಖ.

"ಇಂವ ನಿನ್ನ ಸಂಗಟ ಬಂದಾನೋ, ಬಸ್ ಕಾಯಾಕ ನಿಂತಾನೋ? ಅವರವ್ವನ ಮುಂದ ನಿನ್ನ ಹೆಸರು ತಗದಾನೇನು?"

"ತಂಗಿ ಮದ್ವಿ ಆಗ್ಲಿ ಅಂದಾನ್ರಿ ಖಾಲಾ" ಎಂದು ನಾನು ಸಿಡುಕುತ್ತಿದ್ದೆ. ತಂಗಿಯ ಮದುವೆಯಾಯಿತು. ಸರಕಾರಿ ನೌಕರಿ ಆಗಲಿ ಎಂದ. ಅದೂ ಆಗಿ ಅತನೂರಿಗೆ ಹೋದ.

ಶ್ರಾವಣದಲ್ಲಿ ನನಗೊಂದು ಒಳ್ಳೆಯ ಸಂಬಂಧ ಬಂತು. ಕಾಯಲೋ ಬೇಡವೋ ಎಂದು ಖಾಲಾಳನ್ನೇ ಕೇಳಿದೆ. ಊರ ಗಂಡಸರನ್ನೆಲ್ಲ ಜಾಲಾಡುತ್ತಿದ್ದ ಆ ಬಾಯಿ ಅವತ್ತು ಕಟ್ಟಿತ್ತು. "ಅವನ್ನೇ ಕೇಳವ್ವಾ" ಎಂದಳು, ಅಷ್ಟೇ. ಫೋನ್ ಮಾಡಿದರೆ ಅವನು ಎತ್ತಲಿಲ್ಲ. ಟ್ರೇನಿಂಗ್ ಇದ್ದೀತು ಎಂದುಕೊಂಡು ನಾನು, ದಡ್ಡಿ, ಬಂದ ಸಂಬಂಧ ತಿರುಗಿಸಿದೆ. ಅಪ್ಪ ನನ್ನೊಡನೆ ಮಾತು ಬಿಟ್ಟರು.

ದೀಪಾವಳಿ ಹೊತ್ತಿಗೆ ಅವನ ಲಗ್ನಪತ್ರಿಕೆ ಶಾಲೆಗೆ ಬಂತು. ಬೇರೆಯವರ ಫೋನಿನಿಂದ ಕರೆ ಮಾಡಿದೆ. ಅವನ ದನಿಯಲ್ಲಿ ನಾಚಿಕೆಯಿರಲಿಲ್ಲ, ಆಶ್ಚರ್ಯವಿತ್ತು.

"ಶ್ರಾವಣದಾಗೇ ಖಾಲಾನ ಕಡಿ ಆಗಂಗಿಲ್ಲಂತ ಹೇಳಿ ಕಳಿಸಿದ್ನಲ್ಲ. ಅಕಿ ಹೇಳ್ಲಿಲ್ಲೇನು?"

ಹೇಳಿ ಕಳಿಸಿದ್ದ. ನಾಲ್ಕು ವರ್ಷದ ಲೆಕ್ಕ ಅವನ ಮಟ್ಟಿಗೆ ಅಲ್ಲಿಗೆ ಚುಕ್ತಾ.

ನೇರ ಅಂಗಡಿಗೆ ನುಗ್ಗಿದೆ. "ಗೊತ್ತಿದ್ದೂ ಬಾಯಿ ಮುಚ್ಕೊಂಡು ಕುಂತ್ರೇನ್ರಿ?"

ಖಾಲಾ ತಲೆ ಎತ್ತಲಿಲ್ಲ. "ನಮ್ಮವ್ರು ಪುಣೆದಾಗ ಇನ್ನೊಬ್ಬಾಕಿನ್ನ ಮಾಡ್ಕೊಂಡಾಗ ಮೈದುನ ಬಂದು ಹೇಳಿದ. ಇವತ್ತಿನತನಾ ಅವ್ರ ಬಾಯಿಂದ ಒಂದ್ ಮಾತ ಕೇಳಿಲ್ಲ ನಾ. ಅದಕ್ಕ ನಿನ್ನ ಹುಡುಗಗ ಅಂದೆ, ಈ ಮಾತ ನಾ ಒಯ್ಯಂಗಿಲ್ಲಪಾ, ನೀನೇ ಹೋಗಿ ಹೇಳು ಅಂತ. ಹೂಂ ಅಂದ. ಅವತ್ತ ಅವನ ಕಾಲು ನನ್ನ ಕಡಿನೇ ತಿರುಗಿದ್ವು ಬೇ. ಬರ್ತಾನ ಅಂತ ನಂಬಿದೆ."

ಜೀವಮಾನವೆಲ್ಲ ಒಬ್ಬ ಗಂಡಸಿನ ಮಾತನ್ನೂ ನಂಬದವಳು, ನಂಬುವುದಕ್ಕೆ ನನ್ನವನನ್ನೇ ಆರಿಸಿಕೊಂಡಳಲ್ಲ! ಅವಳು ನನ್ನ ಕೈಗೆ ಕೈ ಚಾಚಿದಳು. ನಾನು ಕೊಡಲಿಲ್ಲ. ಆ ಓಣಿ ತುಳಿಯುವುದನ್ನೇ ಬಿಟ್ಟೆ. ಶರಣುವಿನ ಮೇಲಿನ ಸಿಟ್ಟು ಎರಡೇ ವರ್ಷಕ್ಕೆ ಹಳಸಿತು. ಅವಳ ಮೇಲಿನದು ಹಳಸಲಿಲ್ಲ, ಯಾಕೆಂದರೆ ಅವಳನ್ನು ನಾನು ಹೆಚ್ಚು ನಂಬಿದ್ದೆ.

ಹೋದ ಬೇಸಿಗೆಯಲ್ಲಿ ಅವಳ ಮಗಳು ಶಾಲೆಯ ಗೇಟಿಗೆ ಬಂದಿದ್ದಳು. "ಅಮ್ಮೀಗ ಭಾಳ ಆರಾಮಿಲ್ರಿ ಟೀಚರ್. ನಿಮ್ಮನ್ನೇ ನೆನಸಾಕತ್ತಾಳ. ಒಂದ್ಸಲ ಬಂದು ಹೋಗ್ರಿ."

ಪರೀಕ್ಷೆಯ ಪೇಪರ್ ತಿದ್ದುವುದಿತ್ತು. ಇಲ್ಲದಿದ್ದರೂ ಹೋಗುತ್ತಿರಲಿಲ್ಲ. "ಸಿಟ್ಟಿಲ್ಲಂತ ಹೇಳವ್ವಾ" ಎಂದೆ, ಗೇಟಿನ ಒಳಗೇ ನಿಂತು.

ಎಂಟು ದಿನಕ್ಕೆ ಖಾಲಾ ತೀರಿಕೊಂಡಳು. ಮಗಳು ಈಗಲೂ ಸಂತೆಯಲ್ಲಿ ಸಿಗುತ್ತಾಳೆ, ನಗುತ್ತಾಳೆ. ಅಮ್ಮೀಗೆ ಹೇಳಿದೆಯಾ ಎಂದು ಕೇಳಲು ನನಗೆ ಧೈರ್ಯವಿಲ್ಲ.