ಬಾಣಂತನದಲ್ಲಿ ಏರಿದ ತೂಕ

ಮೆಣಸಿನಕಾಯಿ ಚೀಲ ತೂಗುವ ತಕ್ಕಡಿಯಲ್ಲಿ ನನ್ನನ್ನೇ ಕೂರಿಸಿಬಿಟ್ಟರು!

ಎಂಬತ್ತರ ದಶಕದ ಮಾತು. ಮೊದಲ ಬಾಣಂತನ ಮುಗಿಸಿ, ಐದು ತಿಂಗಳ ಮಗಳನ್ನೆತ್ತಿಕೊಂಡು ತವರೂರು ಹಿರೇಬೆಂಡಿಗೇರಿಯಿಂದ ಸವಣೂರಿನ ಗಂಡನ ಮನೆಗೆ ಬಂದಿದ್ದೆ. ಕಳಿಸಲು ಅವ್ವನೂ ಬಂದಿದ್ದಳು. ಮಾವನದು ಮೆಣಸಿನಕಾಯಿ ವ್ಯಾಪಾರ, ತಕ್ಕಡಿ ಪಡಸಾಲೆಯಲ್ಲೇ ಇತ್ತು.

“ಬಸುರಾಗೂದಕ್ಕಿಂತ ಮೊದ್ಲ ಕಡ್ಡಿ ಹಂಗ ಇದ್ಲು. ಈಗ ತೂಗಿ ನೋಡ್ರಿ ಬೀಗರ!” ಅಂದಳು ಅವ್ವ. ಆಕೆಯ ಮುಖದಲ್ಲಿ ಏನು ಹೆಮ್ಮೆ ಅಂತೀರಿ...

ಇರಬೇಕಾದದ್ದೇ ಬಿಡಿ. ಅಷ್ಟೂ ತಿಂಗಳು ನನ್ನನ್ನು ಹೊರಸಿನ ಮಂಚದಿಂದ ಕೆಳಗಿಳಿಯಲು ಬಿಟ್ಟಿರಲಿಲ್ಲ. ಅಂಟಿನುಂಡಿ, ಅನ್ನ ಮುಳುಗುವಷ್ಟು ತುಪ್ಪ, ಹೊರಸಿನ ಕೆಳಗೆ ಕೆಂಡ. ನೀರಿನ ತಂಬಿಗೆ ಎತ್ತಿದರೂ ಬೈಗುಳ.

ಅಕ್ಕಪಕ್ಕದವರೆಲ್ಲ ನೋಡಲು ಬಂದರು. ಆಚೆ ತಟ್ಟೆಗೆ ಒಂದರ ಮೇಲೊಂದು ತೂಕದ ಕಲ್ಲು ಬೀಳುತ್ತಲೇ ಇವೆ, ನನಗೆ ಎಷ್ಟು ಸೆರಗು ಎಳೆದುಕೊಂಡರೂ ಸಾಲದು.

“ಬಾಣಂತನ ಅಂದ್ರ ಹಿಂಗ ಮಾಡಬೇಕ ನೋಡ್ರಿ” ಅಂದರು ಅತ್ತೆ. ಅವ್ವ ಹಿಗ್ಗಿ ಹೀರೇಕಾಯಿಯಾದಳು.

ಸಂಜೆ ಅತ್ತೆಯ ಜೊತೆ ಬೋರಿಂಗಿಗೆ ನೀರಿಗೆ ಹೋದೆ. ಮೊದಲೆಲ್ಲ ತಲೆಯ ಮೇಲೊಂದು, ಸೊಂಟಕ್ಕೊಂದು ಕೊಡ ಹೊತ್ತು ಹರಟೆ ಹೊಡೆಯುತ್ತಾ ಬರುತ್ತಿದ್ದವಳು ನಾನು.

ಈಗ ಒಂದೇ ಕೊಡ. ಎತ್ತುತ್ತೇನೆ, ಮೊಣಕಾಲಿನವರೆಗೆ ಬರುತ್ತದೆ, ಮೇಲೇರುವುದೇ ಇಲ್ಲ. ತೋಳು ನಡುಗುತ್ತಿದೆ... ಕೊಡದ ಸಮೇತ ಕೆಸರಿನಲ್ಲಿ ಕುಸಿದು ಕೂತೆ.

“ತೂಕ ನೋಡಿದ್ರ ಇಷ್ಟ ಐತಿ, ಒಂದ ಕೊಡ ಎತ್ತಾಕ ಆಗವಲ್ದ?” ಸರದಿಯಲ್ಲಿ ನಿಂತಿದ್ದ ಹೆಂಗಸರು ನಕ್ಕರು. ಅತ್ತೆ ನನ್ನ ಕೊಡವನ್ನೂ ಎತ್ತಿಕೊಂಡು ಮುಂದೆ ನಡೆದರು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಮರುದಿನ ಕೂಸಿಗೆ ಸೂಜಿ ಹಾಕಲು ಬಂದ ನರ್ಸಬಾಯಿಗೆ ಅತ್ತೆ ವಿಷಯ ಹೇಳಿದರು. ಅವರು ನನ್ನ ತೋಳು ಹಿಚುಕಿ ನೋಡಿದರು.

“ಮಲಗೇ ಇದ್ರ ಮಾಂಸಖಂಡ ಕರಗತಾವ್ರಿ. ಮ್ಯಾಲ ತುಪ್ಪ ತಿಂದ್ರ ಕೊಬ್ಬು ಏರತೈತಿ. ತಕ್ಕಡಿಗೆ ಎರಡೂ ಒಂದ, ಆದ್ರ ಕೊಡ ಎತ್ತಾಕ ಖಂಡನ ಬೇಕು. ದಿನಾ ಸ್ವಲ್ಪ ಸ್ವಲ್ಪ ಕೆಲಸ ಮಾಡಾಕ ಬಿಡ್ರಿ, ಬರತಾವು.”

ಕೂಸನ್ನು ತಟ್ಟುತ್ತಿದ್ದ ಅವ್ವನ ಕೈ ನಿಂತುಹೋಯಿತು.

ಊರಿಗೆ ಹೊರಟವಳು ಬಸ್ ಸ್ಟ್ಯಾಂಡಿನಲ್ಲಿ ನನ್ನ ಮುಖ ನೋಡದೆ ಕೇಳಿದಳು: “ನಾನ ನಿನ್ನ ಕೈಲಾಗದಾಕಿ ಮಾಡಿದ್ನೇನ ಯವ್ವಾ?”

ನನ್ನ ನಾಚಿಕೆಯೊಳಗೇ ಮುಳುಗಿದ್ದೆ. ಅವ್ವನೂ ಅಷ್ಟೇ ನಾಚಿ ಒದ್ದಾಡುತ್ತಿದ್ದಾಳೆ ಅಂತ ಹೊಳೆದೇ ಇರಲಿಲ್ಲ. ಅಷ್ಟರಲ್ಲಿ ಬಸ್ಸು ಬಂತು.

ಅಷ್ಟು ಪ್ರೀತಿಯಿಂದ ಉಣಿಸಿದ ಅವ್ವ ಹೀಗೆ ಕೇಳಿದರೆ, ನೀವಾಗಿದ್ದರೆ ಏನು ಹೇಳುತ್ತಿದ್ದಿರಿ?